ನೋಡುಗರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ?

ಫೋಟೊಗ್ರಫಿಯ ಹುಚ್ಚು ಹೊಸದಾಗಿ ಹತ್ತಿದವರೆಲ್ಲ ಒಂದು ಹಂತದಲ್ಲಿ ಹೀಗೊಂದು ಗೊಂದಲಕ್ಕೆ ಬೀಳುತ್ತಾರೆ. ಕಣ್ಣೆದುರಿನ ದೃಶ್ಯ ಮೈಮರೆಸುವಂತಿತ್ತು. ಕ್ಯಾಮೆರಾ ಚೆನ್ನಾಗಿದೆ, ಫೋಕಸ್ ತಪ್ಪಿಲ್ಲ, ಬಣ್ಣವೂ ಸರಿಯಾಗಿ ಬಂದಿದೆ. ಆದರೂ ಆನ್‌ಲೈನ್‌ನಲ್ಲಿ ಹಂಚಿಕೊಂಡ ಮೇಲೆ ನೋಡಿದವರು ಒಂದು ಲೈಕ್ ಒತ್ತಿ ಮುಂದೆ ಸಾಗುತ್ತಾರೆ. ‘ಚೆನ್ನಾಗಿದೆ’ ಎಂಬ ಒಂದು ಮಾತಿನ ಆಚೆಗೆ ಯಾರೂ ಏನೂ ಹೇಳುವುದಿಲ್ಲ. ಆಗ ಹೆಚ್ಚಿನವರು ತಪ್ಪನ್ನು ಕ್ಯಾಮೆರಾದ ಮೇಲೆ ಹೊರಿಸಿ ಹೊಸ ಲೆನ್ಸ್ ಹುಡುಕತೊಡಗುತ್ತಾರೆ. ಕೊರತೆ ಇರುವುದು ಬೇರೆ ಕಡೆ. ಆ ದೃಶ್ಯವನ್ನು ನೋಡುವಾಗ ನಿಮ್ಮ ಮನಸ್ಸು ಸದ್ದಿಲ್ಲದೆ ಮಾಡಿ ಮುಗಿಸಿದ ಒಂದು ಕೆಲಸವನ್ನು, ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಬಿಡುವ ಕೆಲಸವನ್ನು, ಕ್ಯಾಮೆರಾ ಮಾಡಲಿಲ್ಲ. ಅದನ್ನು ಚೌಕಟ್ಟಿನೊಳಗೆ ನೀವೇ ಕೈಯಾರೆ ಮಾಡಬೇಕು. ಸಂಯೋಜನೆ, ಅಥವಾ ಛಾಯಾಗ್ರಾಹಕರ ಬಾಯಲ್ಲಿ ಓಡಾಡುವ ಕಾಂಪೋಸಿಷನ್, ಎಂದರೆ ಇಷ್ಟೇ.

ಕಣ್ಣು ಬಿಡುತ್ತದೆ, ಕ್ಯಾಮೆರಾ ಬಿಡುವುದಿಲ್ಲ

ನಮ್ಮೆದುರು ಹರಡಿಕೊಂಡಿರುವುದೆಲ್ಲ ಒಂದೇ ನೋಟಕ್ಕೆ ಸ್ಪಷ್ಟವಾಗಿ ಕಾಣುತ್ತಿದೆ ಎಂದು ನಮಗೆ ಅನಿಸುತ್ತದೆ. ನಿಜದಲ್ಲಿ ಹಾಗಿಲ್ಲ. ಕಣ್ಣಿನ ಹಿಂಬದಿಯಲ್ಲಿ ಬಿಂಬ ಬೀಳುವ ಪದರವಾದ ಅಕ್ಷಿಪಟಲದ ನಡುವೆ ಫೋವಿಯಾ ಎಂಬ ಪುಟ್ಟ ತಗ್ಗು ಇದೆ. ಸೂಕ್ಷ್ಮ ವಿವರಗಳು ಚೆನ್ನಾಗಿ ಕಾಣುವುದು ಅಲ್ಲಿ ಬಿದ್ದ ಬಿಂಬದಲ್ಲಿ ಮಾತ್ರ. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ. ತೋಳು ನೀಡಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಉಗುರು ಮುಚ್ಚುತ್ತದಲ್ಲ, ಹೆಚ್ಚುಕಡಿಮೆ ಅಷ್ಟೇ ಜಾಗ. ಅದರಿಂದ ದೂರ ಸರಿದಂತೆಲ್ಲ ಉಳಿದದ್ದು ಮಸುಕಾಗುತ್ತ ಹೋಗುತ್ತದೆ. ಹಾಗಾಗಿ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತಲೇ ಇರುತ್ತದೆ. ಅದು ಹೆಕ್ಕಿ ತಂದ ತುಣುಕುಗಳನ್ನು ಮಿದುಳು ಜೋಡಿಸಿ ನಮಗೆ ಒಂದು ದೃಶ್ಯ ಮಾಡಿಕೊಡುತ್ತದೆ. ಯಾವುದು ಬೇಕು, ಯಾವುದು ಬೇಡ ಎಂಬ ತೀರ್ಮಾನ ನಮ್ಮ ಅರಿವಿಗೆ ಬರುವ ಮೊದಲೇ ಆಗಿಹೋಗಿರುತ್ತದೆ.

ಕಿಟಕಿಯ ಪಕ್ಕ ಕುಳಿತು ಪುಸ್ತಕದಲ್ಲಿ ಮುಳುಗಿರುವ ಹುಡುಗಿಯೊಬ್ಬಳನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಕೆನ್ನೆಯ ಮೇಲೆ ಬಿದ್ದ ಬೆಳಕು, ಹಾಳೆಯ ಅಂಚಿನಲ್ಲಿ ತಡೆದು ನಿಂತ ಬೆರಳು: ನಿಮ್ಮ ಮನಸ್ಸು ಹಿಡಿದದ್ದು ಇಷ್ಟನ್ನೇ. ಅದೇ ಹೊತ್ತಿನಲ್ಲಿ ಅವಳ ಹಿಂದಿನ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇತ್ತು. ಅದರಿಂದ ಚಾರ್ಜರ್‌ನ ವೈರು ನೇತಾಡುತ್ತಿತ್ತು. ಎಡಕ್ಕೆ ಅರ್ಧ ಕಾಣುವ ಕುರ್ಚಿಯ ಮೇಲೆ ಕೆಂಪು ಚೀಲವಿತ್ತು. ಕಿಟಕಿಯ ಮೇಲ್ಮೂಲೆಯಲ್ಲಿ ಆಕಾಶ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಇವನ್ನೆಲ್ಲ ನಿಮ್ಮ ಮನಸ್ಸು ಪಕ್ಕಕ್ಕೆ ತಳ್ಳಿಬಿಟ್ಟಿತು. ಕ್ಯಾಮೆರಾಕ್ಕೆ ಹಾಗೆ ತಳ್ಳಲು ಬರುವುದಿಲ್ಲ. ಹುಡುಗಿಯ ಕೆನ್ನೆಗೆ ಕೊಟ್ಟಷ್ಟೇ ಮರ್ಯಾದೆಯನ್ನು ಅದು ಸ್ವಿಚ್ ಬೋರ್ಡಿಗೂ ಕೊಡುತ್ತದೆ.

ಇನ್ನೊಂದು ಕಷ್ಟವೂ ಇದೆ. ನಮಗೆ ಎರಡು ಕಣ್ಣುಗಳಿವೆ, ತಲೆಯನ್ನು ಅತ್ತಿತ್ತ ಆಡಿಸುತ್ತೇವೆ. ಆದ್ದರಿಂದ ಮುಂದಿರುವ ವ್ಯಕ್ತಿ ಬೇರೆ, ಇಪ್ಪತ್ತು ಅಡಿ ಹಿಂದಿರುವ ದೀಪದ ಕಂಬ ಬೇರೆ ಎಂದು ಸಲೀಸಾಗಿ ತಿಳಿಯುತ್ತದೆ. ಕ್ಯಾಮೆರಾ ಒಂಟಿಗಣ್ಣಿನದು, ಕದಲದೆ ನೋಡುವಂಥದ್ದು. ಹತ್ತಿರ ದೂರ ಎರಡನ್ನೂ ಅದು ಒಂದೇ ಹಾಳೆಯ ಮೇಲೆ ಒತ್ತಿಬಿಡುತ್ತದೆ. ತಲೆಯಿಂದ ಕಂಬ ಮೊಳೆತಂತೆ ಕಾಣುವ ಚಿತ್ರಗಳು ಹುಟ್ಟುವುದು ಹೀಗೆ. ತೆಗೆಯುವಾಗ ಕಂಬ ಕಾಣಲಿಲ್ಲವೇ ಎಂದು ಕೇಳಿದರೆ ತೆಗೆದವರು ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾರೆ. ಒತ್ತುವ ಮೊದಲು ಒಂದು ಕಣ್ಣು ಮುಚ್ಚಿ ನೋಡಿ. ಕ್ಯಾಮೆರಾಕ್ಕೆ ಕಾಣುವ ಚಪ್ಪಟೆ ದೃಶ್ಯ ನಿಮಗೂ ಕಾಣತೊಡಗುತ್ತದೆ.

ಕಣ್ಣನ್ನು ಎಳೆಯುವುದು ಯಾವುದು?

ಚಿತ್ರವನ್ನು ನೋಡುವವರು ಆ ಜಾಗದಲ್ಲಿ ಇರಲಿಲ್ಲ. ಏನು ಮುಖ್ಯ ಎಂದು ಅವರಿಗೆ ಗೊತ್ತಿಲ್ಲ. ಅವರ ಕಣ್ಣು ತನ್ನ ಹುಟ್ಟುಗುಣದಂತೆ ಓಡುತ್ತದೆ. ಸುತ್ತಲಿಗಿಂತ ಬೆಳ್ಳಗಿರುವ ಜಾಗ, ಕಪ್ಪು ಬಿಳುಪು ತಟ್ಟನೆ ಕೂಡುವ ಅಂಚು, ಮಸುಕಿನ ನಡುವೆ ಸ್ಪಷ್ಟವಾಗಿರುವ ವಸ್ತು, ಮಂಕು ಬಣ್ಣಗಳ ನಡುವಿನ ಗಾಢ ಕೆಂಪು ಅಥವಾ ಹಳದಿ ಅದನ್ನು ಮೊದಲು ಸೆಳೆಯುತ್ತವೆ. ಇವೆಲ್ಲಕ್ಕಿಂತ ಬಲವಾದ ಸೆಳೆತ ಮನುಷ್ಯನ ಮುಖದ್ದು, ಅದರಲ್ಲೂ ಕಣ್ಣುಗಳದ್ದು. ಅಕ್ಷರಗಳೂ ಹಾಗೆಯೇ. ಹಿನ್ನೆಲೆಯಲ್ಲಿ ಒಂದು ಫಲಕವಿದ್ದರೆ ಓದು ಬಲ್ಲವರು ಅದನ್ನು ಓದದೆ ಬಿಡಲಾರರು.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಪಕ್ಕದ ಹುಡುಗಿಯ ಚಿತ್ರಕ್ಕೆ ಮರಳೋಣ. ಅಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವುದು ಆಕಾಶದ ಮೂಲೆ, ಎಲ್ಲಕ್ಕಿಂತ ಗಾಢ ಬಣ್ಣ ಚೀಲದ್ದು. ಅವಳ ಮುಖವೋ ಪುಸ್ತಕದತ್ತ ಬಾಗಿ ಅರ್ಧ ನೆರಳಿನಲ್ಲಿದೆ. ಮೂರು ಕಡೆಯ ಜಗ್ಗಾಟದಲ್ಲಿ ಅವಳೇ ಸೋಲುತ್ತಾಳೆ. ಇದನ್ನು ಸರಿಪಡಿಸಲು ಯಾವ ಹೊಸ ಸಲಕರಣೆಯೂ ಬೇಡ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಆಕಾಶದ ಮೂಲೆ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ, ಬೆಳಕು ಮಾತ್ರ ಒಳಗೆ ಉಳಿಯುತ್ತದೆ. ಮಂಡಿಯೂರಿ ಕುಳಿತರೆ ಸ್ವಿಚ್ ಬೋರ್ಡ್ ಅವಳ ತಲೆಯ ಹಿಂದೆ ಅಡಗುತ್ತದೆ. ಚೀಲವನ್ನು ಎತ್ತಿ ಬೇರೆ ಕಡೆ ಇಡಬಹುದು. ಮೊಬೈಲಾದರೆ ಪರದೆಯ ಮೇಲೆ ಅವಳ ಕೆನ್ನೆಯನ್ನು ಮುಟ್ಟಿ ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರ ಎಷ್ಟು ಬೆಳ್ಳಗೆ ಮೂಡಬೇಕೆಂಬ ಅಳತೆಯನ್ನು, ತುಸು ಇಳಿಸಿದರೆ ಹಿಂದಿನ ಗೋಡೆ ಕಪ್ಪಿಗೆ ಸರಿದು ಕೆನ್ನೆ, ಬೆರಳು, ಹಾಳೆ ಈ ಮೂರೇ ಬೆಳಗುತ್ತವೆ. ಗಮನಿಸಿ: ಹುಡುಗಿಗೆ ನಾವು ಏನನ್ನೂ ಮಾಡಲಿಲ್ಲ. ಅವಳ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸಿದೆವು. ಸಂಯೋಜನೆಯ ಬಹುಪಾಲು ಕೆಲಸ ಕಳೆಯುವ ಕೆಲಸ. ಹೊಸಬರು ಚಿತ್ರಕ್ಕೆ ಏನು ಸೇರಿಸಲಿ ಎಂದು ಯೋಚಿಸುವುದನ್ನು ಬಿಟ್ಟು ಏನು ತೆಗೆಯಲಿ ಎಂದು ಕೇಳಿಕೊಳ್ಳತೊಡಗಿದ ದಿನವೇ ಅವರ ಚಿತ್ರಗಳು ಬದಲಾಗುತ್ತವೆ. ಈ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಅಂಚುಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. ಹೊಸಬರು ನಡುವಿನ ವಸ್ತುವನ್ನೇ ನೋಡುತ್ತ ಗುಂಡಿ ಒತ್ತುತ್ತಾರೆ. ಒತ್ತುವ ಮೊದಲು ನಾಲ್ಕೂ ಅಂಚುಗಳ ಉದ್ದಕ್ಕೆ ಒಮ್ಮೆ ಕಣ್ಣಾಡಿಸಿ. ಕತ್ತರಿಸಿದ ಕೈ, ಇಣುಕುವ ಕೊಂಬೆ, ಪಕ್ಕದವರ ಭುಜ ಎಲ್ಲವೂ ಅಲ್ಲೇ ಸಿಕ್ಕಿಬೀಳುತ್ತವೆ.

ಮೂರನೇ ಒಂದರ ನಿಯಮ ಎಷ್ಟು ನಿಜ?

ಕಾಂಪೋಸಿಷನ್ ಎಂದೊಡನೆ ಎಲ್ಲರೂ ಮೊದಲು ಹೇಳಿಕೊಡುವುದು ರೂಲ್ ಆಫ್ ಥರ್ಡ್ಸ್ ಅನ್ನು. ಚೌಕಟ್ಟನ್ನು ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಗೆರೆ ಎಳೆದು ಒಂಬತ್ತು ಮನೆಗಳಾಗಿ ಭಾಗ ಮಾಡಿ, ಗೆರೆಗಳು ಕೂಡುವ ನಾಲ್ಕು ಬಿಂದುಗಳಲ್ಲಿ ಒಂದರ ಬಳಿ ಮುಖ್ಯ ವಸ್ತುವನ್ನು ಇಡಿ ಎನ್ನುತ್ತದೆ ಈ ನಿಯಮ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಎಂಬ ಆಯ್ಕೆ ಇರುವುದು ಇದಕ್ಕೇ.

ಈ ನಿಯಮ ಫೋಟೊಗ್ರಫಿಗಿಂತ ಹಳೆಯದು. ಕ್ಯಾಮೆರಾದಿಂದ ಮೂಡಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಚಿತ್ರ 1820ರ ದಶಕದ್ದು. ಇಂಗ್ಲೆಂಡಿನ ಕಲಾವಿದ ಜಾನ್ ಥಾಮಸ್ ಸ್ಮಿತ್ ಈ ನಿಯಮಕ್ಕೆ ಹೆಸರಿಟ್ಟು ಬರೆದದ್ದು 1797ರಲ್ಲಿ. ಅವನು ಮಾತನಾಡಿದ್ದು ನಿಸರ್ಗದೃಶ್ಯಗಳ ಚಿತ್ರಕಲೆಯ ಬಗ್ಗೆ. ಆಕಾಶಕ್ಕೆ ಮೂರನೇ ಎರಡು ಭಾಗ ಕೊಟ್ಟರೆ ನೆಲಕ್ಕೆ ಒಂದು ಭಾಗ ಕೊಡಿ, ಇಲ್ಲವೇ ತಿರುಗಿಸಿ ಕೊಡಿ. ಬೆಳಕು ನೆರಳುಗಳನ್ನೂ ಹೀಗೆಯೇ ಹಂಚಿ. ಸರಿಸಮ ಮಾಡಬೇಡಿ ಎಂಬುದು ಅವನ ವಾದ. ಗೆರೆಗಳು ಕೂಡುವ ಬಿಂದುಗಳಿಗಿಂತ ಪಾಲು ಹಂಚಿಕೆಯೇ ಅವನಿಗೆ ಮುಖ್ಯವಾಗಿತ್ತು.

ನನಗೆ ಆ ಹಳೆಯ ರೂಪವೇ ಹೆಚ್ಚು ಉಪಯೋಗದ್ದು ಅನಿಸುತ್ತದೆ, ಏಕೆಂದರೆ ಅದರ ಹಿಂದಿನ ಕಾರಣ ಕಣ್ಣಿಗೆ ಕಾಣುತ್ತದೆ. ಸಮುದ್ರವೂ ಆಕಾಶವೂ ಅರ್ಧರ್ಧ ಇದ್ದರೆ ಚಿತ್ರ ಯಾವುದರ ಬಗ್ಗೆ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಮೋಡಗಳು ಚೆನ್ನಾಗಿದ್ದವೆಂದು ಅವಕ್ಕೆ ಹೆಚ್ಚು ಜಾಗ ಕೊಟ್ಟ ಕ್ಷಣ ನೀವು ಒಂದು ತೀರ್ಮಾನ ಹೇಳಿದಂತಾಯಿತು. ನಿಯಮದ ಬೆಲೆ ಆ ತೀರ್ಮಾನದಲ್ಲಿದೆ. ವಸ್ತುವನ್ನು ಲೆಕ್ಕ ಹಾಕಿ 33 ಶೇಕಡಾ ಗೆರೆಯ ಮೇಲೆ ಕೂರಿಸುವುದರಿಂದ ಚಿತ್ರ ತಾನಾಗಿ ಚೆನ್ನಾಗುವುದಿಲ್ಲ. ಸುವರ್ಣಾನುಪಾತವನ್ನು (ಗೋಲ್ಡನ್ ರೇಶಿಯೊ, ಸುಮಾರು 1:1.618) ಹಿಡಿದವರು ಅದೇ ಗೆರೆಯನ್ನು ಸುಮಾರು 38 ಶೇಕಡಾದಲ್ಲಿ ಎಳೆಯುತ್ತಾರೆ. ಇವೆರಡರ ನಡುವಿನ ವ್ಯತ್ಯಾಸಕ್ಕಾಗಿ ಯಾವ ಚಿತ್ರವೂ ಕೆಟ್ಟದ್ದನ್ನು ಅಥವಾ ಉದ್ಧಾರವಾದದ್ದನ್ನು ನಾನು ಕಂಡಿಲ್ಲ.

ವಸ್ತುವನ್ನು ನಡುವಿನಿಂದ ಸರಿಸಿದಾಗ ಉಳಿಯುವ ಖಾಲಿ ಜಾಗಕ್ಕೂ ಕೆಲಸ ಇರಬೇಕು. ಬಲಕ್ಕೆ ಓಡುತ್ತಿರುವ ನಾಯಿಯನ್ನು ಎಡಭಾಗದಲ್ಲಿಟ್ಟರೆ ಅದಕ್ಕೆ ಓಡಲು ದಾರಿ ಇರುತ್ತದೆ. ಬಲ ಅಂಚಿಗೆ ಒತ್ತಿಟ್ಟರೆ ಗೋಡೆಗೆ ಗುದ್ದುವಂತೆ ಕಾಣುತ್ತದೆ. ಮುಖಗಳಿಗೂ ಇದೇ ಮಾತು: ದೃಷ್ಟಿ ಯಾವ ಕಡೆಗಿದೆಯೋ ಆ ಕಡೆ ಹೆಚ್ಚು ಜಾಗ ಬಿಡಿ. ತೂಕವನ್ನೂ ನೋಡಬೇಕು. ತಕ್ಕಡಿಯ ದಂಡದ ತುದಿಯಲ್ಲಿಟ್ಟ ಸಣ್ಣ ತೂಕದ ಬಟ್ಟು ನಡುವಿನ ಹತ್ತಿರವಿರುವ ದೊಡ್ಡ ಕಲ್ಲನ್ನು ಎತ್ತಿ ಹಿಡಿಯುವಂತೆ, ಚೌಕಟ್ಟಿನ ಒಂದು ಕೊನೆಯಲ್ಲಿರುವ ಪುಟ್ಟ ಬೆಳಕಿನ ಚುಕ್ಕೆ ಇನ್ನೊಂದು ಬದಿಯ ದೊಡ್ಡ ಕಪ್ಪು ಬಂಡೆಯನ್ನು ಸರಿದೂಗಿಸಬಲ್ಲದು.

ಹಾಗೆಂದು ನಡುವೆ ಇಡುವುದು ಅಪರಾಧವಲ್ಲ. ಉದ್ದನೆಯ ಮೊಗಸಾಲೆ, ನೀರಿನಲ್ಲಿ ಪ್ರತಿಬಿಂಬಿಸುವ ಮರ, ನೇರವಾಗಿ ಕ್ಯಾಮೆರಾವನ್ನೇ ದಿಟ್ಟಿಸುವ ಮುಖ ಇವೆಲ್ಲ ನಟ್ಟನಡುವೆಯೇ ಗಟ್ಟಿಯಾಗಿ ನಿಲ್ಲುತ್ತವೆ. ಆದರೆ ಸಮ್ಮಿತಿ, ಅಂದರೆ ಎರಡು ಬದಿಯೂ ಕನ್ನಡಿಯ ಬಿಂಬದಂತೆ ಹೊಂದುವುದು, ಬೇಕೆಂದರೆ ಪೂರ್ತಿ ಬೇಕು. ತುಸು ವಾಲಿದ ಸಮ್ಮಿತಿ ನೋಡುವವರಿಗೆ ಅಜಾಗರೂಕತೆಯಾಗಿ ಕಾಣುತ್ತದೆ.

ಒಂದು ಹೆಸರಾಂತ ಚಿತ್ರದ ಒಳಗೆ

ಈ ಮಾತುಗಳೆಲ್ಲ ಒಂದೆಡೆ ಕೂಡಿರುವುದನ್ನು ನೋಡಬೇಕೆಂದರೆ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ ತೆಗೆದ ಚಿತ್ರವನ್ನು ನೋಡಿ. ಬಟಾಣಿ ಕೀಳುವ ಕೂಲಿಕಾರರ ಬಿಡಾರದಲ್ಲಿ, ಆರ್ಥಿಕ ಮಹಾಕುಸಿತದ ಕಾಲದಲ್ಲಿ, ಮಕ್ಕಳೊಂದಿಗೆ ಕುಳಿತಿದ್ದ ತಾಯಿಯೊಬ್ಬಳ ಚಿತ್ರ ಅದು. ‘ಮೈಗ್ರಂಟ್ ಮದರ್’ (ವಲಸೆಯ ತಾಯಿ) ಎಂದು ಜಗತ್ತಿಗೆಲ್ಲ ಪರಿಚಿತ. ಆ ಸಂದರ್ಭದಲ್ಲಿ ಲ್ಯಾಂಗ್ ತೆಗೆದದ್ದು ಒಂದೇ ಚಿತ್ರವಲ್ಲ. ಉಳಿದವುಗಳಲ್ಲಿ ಹಲವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಗ್ರಂಥಾಲಯದಲ್ಲಿವೆ, ಹೋಲಿಸಿ ನೋಡಬಹುದು. ದೂರದಿಂದ ತೆಗೆದ ಚಿತ್ರದಲ್ಲಿ ಇಡೀ ಗುಡಾರ, ನೆಲ, ಸಾಮಾನು, ಮಕ್ಕಳು ಎಲ್ಲ ಇದೆ. ಮಾಹಿತಿ ಬೇಕಾದಷ್ಟಿದೆ, ಆದರೆ ಕಣ್ಣು ಅಲೆಯುತ್ತದೆ. ಲ್ಯಾಂಗ್ ಹತ್ತಿರ ಹತ್ತಿರ ಹೋಗಿದ್ದಾರೆ. ಹೋದಂತೆಲ್ಲ ಗುಡಾರ ಕಡಿಮೆಯಾಗುತ್ತದೆ, ಸಾಮಾನು ಮರೆಯಾಗುತ್ತದೆ.

ಕೊನೆಗೆ ಪ್ರಸಿದ್ಧವಾದ ಚೌಕಟ್ಟಿನಲ್ಲಿ ಉಳಿದದ್ದು ತಾಯಿ, ಅವಳ ಎರಡು ಹೆಗಲಿಗೆ ಒರಗಿದ ಇಬ್ಬರು ಮಕ್ಕಳು, ಮಡಿಲಲ್ಲಿ ಒಂದು ಕೂಸು. ಇಲ್ಲೊಂದು ವಿವರವನ್ನು ನಿಧಾನವಾಗಿ ನೋಡಬೇಕು. ಹೆಗಲಿಗೆ ಒರಗಿದ ಇಬ್ಬರೂ ಮಕ್ಕಳು ಮುಖ ತಿರುಗಿಸಿದ್ದಾರೆ, ನಮಗೆ ಕಾಣುವುದು ಅವರ ತಲೆಯ ಹಿಂಭಾಗ. ಮುಖಗಳು ಕಣ್ಣನ್ನು ಎಲ್ಲಕ್ಕಿಂತ ಬಲವಾಗಿ ಎಳೆಯುತ್ತವೆ ಎಂದೆವಲ್ಲ? ಆ ಇಬ್ಬರೂ ಕ್ಯಾಮೆರಾದತ್ತ ನೋಡಿದ್ದರೆ ನಮ್ಮ ದೃಷ್ಟಿ ಮೂರಾಗಿ ಹಂಚಿಹೋಗುತ್ತಿತ್ತು. ಈಗ ಚೌಕಟ್ಟಿನಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಮುಖ ಒಂದೇ. ಎರಡು ಪುಟ್ಟ ತಲೆಗಳು ಆ ಮುಖಕ್ಕೆ ಎಡಬಲದ ಚೌಕಟ್ಟಾಗಿವೆ. ಕೆಳಗಿನಿಂದ ಮೇಲೇರಿ ಬಂದ ಅವಳ ತೋಳು ಕೆನ್ನೆಯವರೆಗೆ ನಮ್ಮ ಕಣ್ಣನ್ನು ಕೈಹಿಡಿದು ನಡೆಸುತ್ತದೆ. ಅಲ್ಲಿಂದ ಮುಂದೆ ಅವಳ ನೋಟ ಚೌಕಟ್ಟಿನ ಆಚೆಗೆ ಹೋಗುತ್ತದೆ.

ಮೂಲ ನೆಗೆಟಿವ್‌ನ ಕೆಳಗಿನ ಬಲಮೂಲೆಯಲ್ಲಿ, ಗುಡಾರದ ಕಂಬವನ್ನು ಹಿಡಿದ ಒಂದು ಹೆಬ್ಬೆರಳು ಇತ್ತು. ಲ್ಯಾಂಗ್ ಆಮೇಲೆ ಅದನ್ನು ತಿದ್ದಿ ಅಳಿಸಿಹಾಕಿಸಿದರು. ದಾಖಲೆ ಚಿತ್ರದಲ್ಲಿ ಹಾಗೆ ತಿದ್ದಬಹುದೇ ಎಂಬುದರ ಬಗ್ಗೆ ಎರಡು ಮಾತಿದೆ, ಇರಲೂ ಬೇಕು. ಆದರೆ ಅಂಚಿನಲ್ಲಿದ್ದ ಒಂದು ಹೆಬ್ಬೆರಳು ಅವರನ್ನು ಅಷ್ಟು ಕಾಡಿತೆಂಬುದೇ ಅಂಚುಗಳ ಮಹತ್ವವನ್ನು ತಿಳಿಸುತ್ತದೆ.

ಕಾಲು ಮೊದಲು, ಜೂಮ್ ಆಮೇಲೆ

ಹತ್ತಿರ ಹೋಗಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದಕ್ಕೊಂದು ಮಿತಿ ಇದೆ. ವಸ್ತುಗಳ ಗಾತ್ರ ಒಂದಕ್ಕೊಂದು ಹೇಗೆ ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ನೀವು ನಿಂತ ದೂರ. ಲೆನ್ಸ್ ಆ ದೃಶ್ಯದಿಂದ ಎಷ್ಟನ್ನು ಕತ್ತರಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಹೇಳುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ಮೂಗಿನ ತುದಿಯಿಂದ ಕಿವಿಗೆ 12 ಸೆಂಟಿಮೀಟರ್ ಎಂದುಕೊಳ್ಳಿ. ಮೊಬೈಲನ್ನು ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕಿವಿ 42 ಸೆಂಟಿಮೀಟರ್ ದೂರದಲ್ಲಿರುತ್ತದೆ. 42ನ್ನು 30ರಿಂದ ಭಾಗಿಸಿದರೆ 1.4. ಅಂದರೆ ಕಿವಿಗೆ ಹೋಲಿಸಿದರೆ ಮೂಗು 40 ಶೇಕಡಾ ಹಿಗ್ಗಿ ಕಾಣುತ್ತದೆ. ಅದೇ 150 ಸೆಂಟಿಮೀಟರ್ ದೂರ ಹೋದರೆ ಲೆಕ್ಕ 162 ಭಾಗಿಸು 150, ಅಂದರೆ 1.08. ಹಿಗ್ಗುವಿಕೆ ಬರೀ 8 ಶೇಕಡಾಕ್ಕೆ ಇಳಿಯಿತು. ಫೋಟೊದಲ್ಲಿ ನನ್ನ ಮುಖ ನನ್ನದೇ ಅನಿಸುವುದಿಲ್ಲ ಎಂದು ಬೇಸರ ಪಡುವವರು ತುಂಬ ಜನ. ಆ ಬೇಸರದ ದೊಡ್ಡ ಪಾಲಿಗೆ ಕಾರಣ ಮುಖವಲ್ಲ, ದೂರ. ಒಂದೂವರೆ ಮೀಟರ್ ದೂರಕ್ಕೆ ಸರಿದು, ಬಳಿಕ ಜೂಮ್ ಮಾಡಿ ತೆಗೆಯಿರಿ.

ಹಿಂದೆ ಸರಿದು ಜೂಮ್ ಮಾಡುವುದರಿಂದ ಇನ್ನೊಂದು ಲಾಭವೂ ಇದೆ. ಲೆನ್ಸ್‌ನ ಎಂಎಂ ಸಂಖ್ಯೆ (ಫೋಕಲ್ ಲೆಂಗ್ತ್) ಹೆಚ್ಚಿದಂತೆ ಅದು ನೋಡುವ ಕೋನ ಕಿರಿದಾಗುತ್ತದೆ. 35 ಎಂಎಂ ಫಿಲ್ಮಿನ ಅಳತೆಯಲ್ಲಿ ಹೇಳುವುದಾದರೆ 24 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 74 ಡಿಗ್ರಿ ನೋಡುತ್ತದೆ, 85 ಎಂಎಂ ಲೆನ್ಸ್ ಸುಮಾರು 24 ಡಿಗ್ರಿ. ಕೋನ ಕಿರಿದಾದಂತೆ ಹಿನ್ನೆಲೆಯ ಸಣ್ಣ ತುಂಡು ಮಾತ್ರ ಒಳಗೆ ಬರುತ್ತದೆ. ಗಲೀಜು ಹಿನ್ನೆಲೆಯ ನಡುವೆಯೂ ಒಂದು ಶುಭ್ರ ಗೋಡೆಯ ಚೂರನ್ನು ಹುಡುಕಿಕೊಳ್ಳಬಹುದು. ಅಗಲ ಕೋನದ ಲೆನ್ಸ್‌ನಲ್ಲಿ ಈ ಕೆಲಸ ಕಷ್ಟ. ಅದಕ್ಕೆ ಮುನ್ನೆಲೆಯಲ್ಲಿ ಗಟ್ಟಿಯಾದ ಏನಾದರೊಂದು ಬೇಕು, ಇಲ್ಲದಿದ್ದರೆ ಎಲ್ಲವೂ ದೂರದಲ್ಲಿ ಚಿಕ್ಕದಾಗಿ ಚೆಲ್ಲಾಪಿಲ್ಲಿಯಾಗುತ್ತದೆ.

ಎತ್ತರವನ್ನೂ ಬದಲಿಸಿ. ನಿಂತವರ ಕಣ್ಣಿನ ಎತ್ತರದಿಂದ ಜಗತ್ತು ಹೇಗೆ ಕಾಣುತ್ತದೆಂದು ಎಲ್ಲರಿಗೂ ಗೊತ್ತು. ಮಗುವಿನ ಚಿತ್ರವನ್ನು ಮಗುವಿನ ಎತ್ತರದಿಂದ, ಹೂವಿನ ಚಿತ್ರವನ್ನು ಹೂವಿನ ಎತ್ತರದಿಂದ ತೆಗೆದಾಗ ಹಿನ್ನೆಲೆಯೇ ಬೇರೆಯಾಗುತ್ತದೆ: ನೆಲದ ಬದಲು ದೂರದ ಮರ, ಆಕಾಶ.

ಅಂಗೈಯಗಲದ ಪರದೆಯ ಮೇಲೆ

ಆನ್‌ಲೈನ್‌ನಲ್ಲಿ ಹಂಚುವವರು ಮರೆಯಬಾರದ ಸಂಗತಿಯೆಂದರೆ ಹೆಚ್ಚಿನವರು ಆ ಚಿತ್ರವನ್ನು ಸುಮಾರು ಏಳು ಸೆಂಟಿಮೀಟರ್ ಅಗಲದ ಪರದೆಯ ಮೇಲೆ ನೋಡುತ್ತಾರೆ. ಅಡ್ಡವಾಗಿ ತೆಗೆದ 3:2 ಅನುಪಾತದ ಚಿತ್ರ ಅಲ್ಲಿ 7 ಸೆಂಟಿಮೀಟರ್ ಅಗಲ, ಸುಮಾರು 4.7 ಸೆಂಟಿಮೀಟರ್ ಎತ್ತರ ಕಾಣುತ್ತದೆ. ನಿಲುವಾಗಿ ತೆಗೆದ 4:5 ಚಿತ್ರಕ್ಕೆ ಅದೇ ಅಗಲದಲ್ಲಿ 8.75 ಸೆಂಟಿಮೀಟರ್ ಎತ್ತರ ಸಿಗುತ್ತದೆ. ವಿಸ್ತೀರ್ಣ ಹೆಚ್ಚುಕಡಿಮೆ ಎರಡು ಪಟ್ಟು. ನಿಲುವು ಚಿತ್ರಗಳು ಗಮನ ಸೆಳೆಯಲು ಇದೊಂದು ಸರಳ ಕಾರಣ.

ಅದಕ್ಕಾಗಿ ಅಡ್ಡ ಚಿತ್ರಗಳನ್ನೆಲ್ಲ ಕೊನೆಯಲ್ಲಿ ನಿಲುವಾಗಿ ಕತ್ತರಿಸಲು ಹೊರಟರೆ ಕೆಟ್ಟಿತು. 6000×4000 ಪಿಕ್ಸೆಲ್‌ನ ಅಡ್ಡ ಚಿತ್ರವನ್ನು 4:5ಕ್ಕೆ ಕತ್ತರಿಸಿದರೆ ಉಳಿಯುವುದು 3200×4000. ಅಗಲದ ಅರ್ಧಕ್ಕೆ ಹತ್ತಿರದಷ್ಟು ಹೋಯಿತು. ಎರಡು ಬದಿಗಳ ನಡುವೆ ಕಟ್ಟಿದ ಸಮತೋಲ ಅದರೊಂದಿಗೆ ಹೋಗುತ್ತದೆ. ಹಾಗಾಗಿ ಎಲ್ಲಿ ತೋರಿಸುತ್ತೀರಿ ಎಂಬುದನ್ನು ತೆಗೆಯುವಾಗಲೇ ಯೋಚಿಸಿ, ಸಾಧ್ಯವಾದರೆ ಅಡ್ಡಕ್ಕೊಂದು ನಿಲುವಿಗೊಂದು ತೆಗೆದುಕೊಳ್ಳಿ. ವಿಶಾಲ ಬಯಲಿನ ನಡುವೆ ಚುಕ್ಕೆಯಂತೆ ನಿಂತ ಮನುಷ್ಯ ದೊಡ್ಡ ಮುದ್ರಣದಲ್ಲಿ ಅದ್ಭುತ, ಮೊಬೈಲಿನಲ್ಲಿ ಮಾಯ. ಹಂಚುವ ಮೊದಲು ಚಿತ್ರವನ್ನು ಗ್ಯಾಲರಿಯ ಚಿಕ್ಕ ಚೌಕದಲ್ಲೇ ನೋಡಿ. ಆ ಗಾತ್ರದಲ್ಲೂ ಮುಖ್ಯ ವಸ್ತು ಬೇರೆಯಾಗಿ ಎದ್ದು ಕಂಡರೆ ಸಂಯೋಜನೆಯ ಎಲುಬು ಗಟ್ಟಿಯಾಗಿದೆ ಎಂದರ್ಥ.

ಇಲ್ಲೇ ಹೇಳಿಬಿಡಬೇಕಾದ ಇನ್ನೊಂದು ವಿಷಯ: ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ತೆಗೆದ ಸಮಯದ ಜೊತೆಗೆ ಜಾಗದ ಜಿಪಿಎಸ್ ಗುರುತೂ ಕೂತಿರಬಹುದು. ಕೆಲವು ತಾಣಗಳು ಅದನ್ನು ಅಳಿಸುತ್ತವೆ, ಮೂಲ ಕಡತವನ್ನೇ ಕಳಿಸಿದಾಗ ಅದು ಹಾಗೆಯೇ ಹೋಗುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಜಾಗದ ಗುರುತನ್ನು ಆಫ್ ಮಾಡಿಡಿ. ಬೇರೆಯವರ ಮುಖವಿದ್ದರೆ, ಅದರಲ್ಲೂ ಮಕ್ಕಳದಾದರೆ, ಹಂಚುವ ಮೊದಲು ಅವರನ್ನೋ ಮನೆಯವರನ್ನೋ ಕೇಳಿ.

ಏನೆಂದು ಕೇಳಬೇಕು?

ಇಷ್ಟೆಲ್ಲ ಮಾಡಿ ಹಂಚಿಕೊಂಡ ಮೇಲೆ ಬರುವ ಲೈಕುಗಳಿಂದ ಸಂಯೋಜನೆ ಕಲಿಯಲು ಆಗುವುದಿಲ್ಲ. ಲೈಕು ಚಿತ್ರದಲ್ಲಿರುವವರ ಮೇಲಿನ ಪ್ರೀತಿಗೆ ಬರಬಹುದು, ಹಾಕಿದ ಹೊತ್ತಿಗೆ ಬರಬಹುದು, ಬೆಕ್ಕಿನ ಮರಿಗೆ ಬರಬಹುದು. ಕಣ್ಣು ಎಲ್ಲಿಗೆ ಹೋಯಿತು ಎಂಬುದನ್ನು ಅದು ಹೇಳುವುದಿಲ್ಲ. ‘ಹೇಗಿದೆ?’ ಎಂದು ಕೇಳಿದರೂ ಪ್ರಯೋಜನವಿಲ್ಲ, ಪರಿಚಿತರು ‘ಸೂಪರ್’ ಎನ್ನುತ್ತಾರೆ.

ಕೇಳಬೇಕಾದ ಪ್ರಶ್ನೆ ಬೇರೆಯದು: ‘ಇದರಲ್ಲಿ ನಿಮಗೆ ಮೊದಲು ಏನು ಕಂಡಿತು? ಆಮೇಲೆ ಕಣ್ಣು ಎಲ್ಲಿಗೆ ಹೋಯಿತು?’ ಇದಕ್ಕೆ ಉತ್ತರಿಸಲು ಫೋಟೊಗ್ರಫಿ ಗೊತ್ತಿರಬೇಕಾಗಿಲ್ಲ. ಯಾರನ್ನೂ ನೋಯಿಸುವ ಭಯವೂ ಇಲ್ಲ, ಆದ್ದರಿಂದ ಜನ ನಿಜ ಹೇಳುತ್ತಾರೆ. ನಿಮಗೋ ನೀವು ಕೊಂಡುಕೊಳ್ಳಲಾಗದ ಒಂದು ವಸ್ತು ಸಿಗುತ್ತದೆ, ಆ ಜಾಗದಲ್ಲಿ ಇರದಿದ್ದವರ ಕಣ್ಣು. ನಿಮ್ಮ ಚಿತ್ರವನ್ನು ನೀವು ಎಷ್ಟು ಸಲ ನೋಡಿದರೂ ಆ ದಿನದ ಗಾಳಿ, ಸದ್ದು, ಸಂತೋಷ ಎಲ್ಲವೂ ಬಂದು ಸೇರಿಕೊಳ್ಳುತ್ತವೆ. ಅಪರಿಚಿತರಿಗೆ ಚೌಕಟ್ಟಿನಲ್ಲಿರುವಷ್ಟೇ ಗತಿ.

ಪ್ರಶ್ನೆ ಕೇಳುವಾಗ ಶೀರ್ಷಿಕೆಯಲ್ಲಿ ಸುಳಿವು ಕೊಡಬೇಡಿ. ಇದಕ್ಕೆ ಒಳ್ಳೆಯ ಆಧಾರವಿದೆ. ಸೋವಿಯತ್ ಮನೋವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಅವರು ಕಣ್ಣಿನ ಚಲನೆಯನ್ನು ದಾಖಲಿಸುವ ಉಪಕರಣ ಕಟ್ಟಿ, ರಷ್ಯಾದ ಚಿತ್ರಕಾರ ಇಲ್ಯಾ ರೇಪಿನ್ ಬರೆದ ಒಂದು ವರ್ಣಚಿತ್ರವನ್ನು ನೋಡುಗರಿಗೆ ತೋರಿಸಿದರು. ಕೋಣೆಯೊಂದಕ್ಕೆ ಯಾರೂ ನಿರೀಕ್ಷಿಸದ ವ್ಯಕ್ತಿ ಬಂದು ನಿಂತಿರುವ, ಮನೆಮಂದಿ ಬೆರಗಾಗಿ ನೋಡುತ್ತಿರುವ ಚಿತ್ರ ಅದು. ಇದರಲ್ಲಿರುವವರ ವಯಸ್ಸೆಷ್ಟು ಎಂದು ಕೇಳಿದಾಗ ನೋಡುಗರ ಕಣ್ಣು ಮುಖದಿಂದ ಮುಖಕ್ಕೆ ಓಡಿತು. ಈ ಕುಟುಂಬದ ಸ್ಥಿತಿಗತಿ ಹೇಗಿರಬಹುದು ಎಂದು ಕೇಳಿದಾಗ ಅದೇ ಕಣ್ಣು ಪೀಠೋಪಕರಣ, ಬಟ್ಟೆಬರೆಗಳ ಮೇಲೆ ಅಲೆಯಿತು. ಚಿತ್ರ ಒಂದೇ, ಕೇಳಿದ ಪ್ರಶ್ನೆ ಬದಲಾದಂತೆ ನೋಟದ ದಾರಿ ಬದಲಾಯಿತು. 1960ರ ದಶಕದಲ್ಲಿ ಪ್ರಕಟವಾದ ಈ ಕೆಲಸವನ್ನು ದೃಷ್ಟಿಯ ಅಧ್ಯಯನದಲ್ಲಿ ಇಂದಿಗೂ ನೆನೆಯುತ್ತಾರೆ. ನಮಗೆ ಇದರಿಂದ ತಿಳಿಯುವುದು ಸ್ಪಷ್ಟ: ‘ಕೊಂಬೆಯ ಮೇಲಿನ ಹಕ್ಕಿ’ ಎಂದು ಶೀರ್ಷಿಕೆ ಕೊಟ್ಟರೆ ಎಲ್ಲರೂ ಹಕ್ಕಿಯನ್ನು ಹುಡುಕಿ ನೋಡುತ್ತಾರೆ. ಹಕ್ಕಿಯನ್ನು ತೋರಿಸಿದ್ದು ನಿಮ್ಮ ಮಾತೇ ಹೊರತು ಚಿತ್ರವಲ್ಲ.

ಬಂದ ಉತ್ತರಗಳನ್ನು ಎರಡು ಬಗೆಯಾಗಿ ಬೇರ್ಪಡಿಸಿ. ‘ನನಗೆ ಮೊದಲು ಆ ಹಳದಿ ಬಕೆಟ್ ಕಂಡಿತು’ ಎಂಬುದು ಸಾಕ್ಷ್ಯ, ಅದರ ಜೊತೆ ವಾದಿಸುವಂತಿಲ್ಲ. ‘ಕಪ್ಪು ಬಿಳುಪು ಮಾಡಿ, ಇನ್ನೂ ಎಡಕ್ಕೆ ಸರಿಸಿ’ ಎಂಬುದು ಊಹೆ, ಒಪ್ಪಲೂಬಹುದು ಬಿಡಲೂಬಹುದು. ಹತ್ತು ಜನ ಹತ್ತು ಬಗೆಯ ಪರಿಹಾರ ಹೇಳಿ ತಲೆ ಕೆಡಿಸಿದರೂ ಅವರಲ್ಲಿ ಏಳು ಜನ ಬಕೆಟ್‌ನ ಹೆಸರೆತ್ತಿದ್ದರೆ ತೊಂದರೆ ಬಕೆಟ್‌ನದೇ. ಪರಿಹಾರ ನಿಮ್ಮದಾಗಿರಲಿ. ಒಂದೇ ದೃಶ್ಯದ ಎರಡು ಚೌಕಟ್ಟುಗಳನ್ನು ಬೇರೆ ಬೇರೆಯವರಿಗೆ ತೋರಿಸಿ ಉತ್ತರಗಳನ್ನು ಹೋಲಿಸಿದರೆ ಇನ್ನೂ ಬೇಗ ಕಲಿಯಬಹುದು.

ಕೆಲವೊಮ್ಮೆ ಉತ್ತರಗಳು ನಿಮ್ಮ ಚಿತ್ರದೊಳಗಿನ ಇನ್ನೊಂದು ಚಿತ್ರವನ್ನು ಹೊರಗೆಳೆಯುತ್ತವೆ. ಸೂರ್ಯಾಸ್ತದ ಚಿತ್ರ ಹಾಕಿದ್ದೀರಿ, ನೋಡಿದವರೆಲ್ಲ ಮೂಲೆಯಲ್ಲಿ ತನ್ನ ಉದ್ದನೆಯ ನೆರಳನ್ನು ನೋಡುತ್ತ ನಿಂತ ನಾಯಿಯ ಬಗ್ಗೆಯೇ ಹೇಳುತ್ತಿದ್ದಾರೆ ಎಂದುಕೊಳ್ಳಿ. ನಾಯಿಯನ್ನು ಅಳಿಸಲು ಹೊರಡಬೇಡಿ, ಸೂರ್ಯನನ್ನು ಬಿಟ್ಟುಕೊಡಲು ಆಗುತ್ತದೆಯೇ ನೋಡಿ. 12 ಮೆಗಾಪಿಕ್ಸೆಲ್ ಚಿತ್ರವೆಂದರೆ ಸುಮಾರು 4000×3000 ಪಿಕ್ಸೆಲ್. ಮೊಬೈಲ್ ಪರದೆಯ ಮೇಲೆ ಚೆನ್ನಾಗಿ ಕಾಣಲು 1080×1350 ಸಾಕು, ಅದು ಇಡೀ ಚಿತ್ರದ ಸುಮಾರು ಎಂಟನೇ ಒಂದು ಭಾಗ. ಅಷ್ಟರೊಳಗೆ ನಾಯಿಯೂ ನೆರಳೂ ಹಿಡಿಸಿದರೆ ಅಲ್ಲಿಗೇ ಕತ್ತರಿಸಿ, ಅದೇ ಪ್ರಶ್ನೆಯೊಂದಿಗೆ ಮತ್ತೆ ಹಂಚಿಕೊಳ್ಳಿ. ವಿವರ ತುಸು ಒರಟಾದೀತು. ಮುಂದಿನ ಸಲ ಅಂಥ ನಾಯಿ ಕಂಡಾಗ ನೆಲಕ್ಕೆ ಬಾಗಿ, ಹತ್ತಿರದಿಂದ ತೆಗೆದರಾಯಿತು.